‘ನನ್ನ ಮೇಲೆ ಹರಿಹಾಯ್ದರು’ ಎಂದರೆ ಹೊಡೆದರು ಎಂದು ಅರ್ಥವೇ?

ಪ್ರಶ್ನೆ: ನಾನು ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕಳೆದ ತಿಂಗಳು ಒಂದು ಬಿಲ್ ತಡವಾಯಿತು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನೇರವಾಗಿ ನನ್ನ ಮೇಜಿನ ಹತ್ತಿರ ಬಂದರು. ಬೆರಳು ತೋರಿಸಿ, ಎಲ್ಲರ ಎದುರು ಕೂಗಾಡಿದರು. ಮುಟ್ಟಲಿಲ್ಲ. ಆದರೆ ನಾನು ಕುರ್ಚಿ ಹಿಂದಕ್ಕೆ ಸರಿಸಬೇಕಾಯಿತು. ಮೇಲಧಿಕಾರಿಗೆ ಕೊಟ್ಟ ದೂರಿನಲ್ಲಿ ‘ಅವರು ನನ್ನ ಮೇಲೆ ಹರಿಹಾಯ್ದರು’ ಎಂದು ಬರೆದೆ. ಈಗ ಅವರು, ‘ಹರಿಹಾಯುವುದು ಎಂದರೆ ಮೈಮೇಲೆ ಬಿದ್ದು ಹೊಡೆಯುವುದು. ನಾನು ಮುಟ್ಟೇ ಇಲ್ಲ. ಇದು ಸುಳ್ಳು ದೂರು’ ಎನ್ನುತ್ತಿದ್ದಾರೆ. ಮನೆಯಲ್ಲಿ ಕೇಳಿದರೆ ಚಿಕ್ಕಪ್ಪ, ‘ಹರಿ ಅಂದ್ರೆ ಸಿಂಹ, ಸಿಂಹದ ಹಾಗೆ ಹಾರೋದು’ ಎಂದರು. ಗೆಳತಿ, ‘ಹರಿದು ಹಾಕೋದು ಅಂತ ಇರಬೇಕು’ ಎಂದಳು. ಸುದ್ದಿಯಲ್ಲಿ ದಿನಾ ಯಾರೋ ಯಾರದೋ ವಿರುದ್ಧ ಹರಿಹಾಯುತ್ತಾರೆ. ಅಲ್ಲಿ ಯಾರೂ ಯಾರನ್ನೂ ಹೊಡೆದಿರುವುದಿಲ್ಲ. ನಾನು ಬರೆದದ್ದು ತಪ್ಪೇ? ಬೇರೆ ಯಾವ ಪದ ಬರೆಯಬೇಕಿತ್ತು?

ಉತ್ತರ: ನೀವು ಬರೆದದ್ದು ತಪ್ಪಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ವ್ಯಾಕರಣಕ್ಕಿಂತ ಆತಂಕ ಜಾಸ್ತಿ ಕಾಣುತ್ತಿದೆ. ಸಿಟ್ಟಿನಿಂದ ಎದುರಿಗೆ ನುಗ್ಗಿ ಬಂದು ಕೂಗಾಡುವುದಕ್ಕೆ ಕನ್ನಡದಲ್ಲಿ ‘ಹರಿಹಾಯು’ ಎನ್ನುತ್ತೇವೆ. ಕೈ ಮಾಡಿದರು ಎಂಬ ಅರ್ಥ ಆ ಪದಕ್ಕೆ ಇವತ್ತಿನ ಬಳಕೆಯಲ್ಲಿ ಇಲ್ಲ. ಆದರೆ ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಪದದ ಹಳೆಯ ನೆನಪು ಸ್ವಲ್ಪ ಉಳಿದಿದೆ. ಹಾಗಾಗಿ ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪದ ಎಲ್ಲಿಂದ ಬಂತು ಎಂದು ನೋಡಿದರೆ ನಿಮ್ಮಿಬ್ಬರ ಜಗಳದ ಗಂಟು ಎಲ್ಲಿದೆ ಎಂದು ಗೊತ್ತಾಗುತ್ತದೆ.

ನಿಮ್ಮ ಚಿಕ್ಕಪ್ಪನ ಸಿಂಹದಿಂದ ಶುರು ಮಾಡೋಣ. ಸಂಸ್ಕೃತದಲ್ಲಿ ‘ಹರಿ’ ಎಂಬ ಪದಕ್ಕೆ ಸಿಂಹ ಎಂಬ ಅರ್ಥ ಇರುವುದು ನಿಜ. ವಿಷ್ಣು, ಕುದುರೆ, ಕೋತಿ ಎಂಬ ಅರ್ಥಗಳೂ ಇವೆ. ಆದರೆ ‘ಹರಿಹಾಯು’ವಿನ ಹರಿ ಅದಲ್ಲ. ಇದು ಅಚ್ಚಗನ್ನಡದ ಕ್ರಿಯಾಪದ. ಹಳಗನ್ನಡದಲ್ಲಿ ಇದು ‘ಪರಿ’. ಹರಿ, ಓಡು ಎಂದು ಅರ್ಥ. ಹಳಗನ್ನಡದ ಎಷ್ಟೋ ಪದಗಳ ಮೊದಲ ‘ಪ’ ಮುಂದೆ ‘ಹ’ ಆಯಿತು. ಪಾಲು ಹಾಲಾಯಿತು, ಪೋಗು ಹೋಗು ಆಯಿತು, ಪುಲಿ ಹುಲಿಯಾಯಿತು. ಹಾಗೇ ಪರಿ ಹರಿಯಾಯಿತು, ಪಾಯ್ ಹಾಯ್ ಆಯಿತು. ದೊಡ್ಡ ನಿಘಂಟುಗಳಲ್ಲಿ ‘ಹ’ ಅಕ್ಷರದ ಕೆಳಗೆ ಪೂರ್ತಿ ವಿವರ ಸಿಗದಿದ್ದರೆ ‘ಪ’ದ ಕೆಳಗೆ ಹುಡುಕಿ ನೋಡಿ. ಎಷ್ಟೋ ಪದಗಳ ಬೇರು ಅಲ್ಲಿ ಸಿಗುತ್ತದೆ.

ಗೆಳತಿಯ ಊಹೆ ಇನ್ನೂ ಹತ್ತಿರ ಬಂದಿದೆ, ಆದರೂ ದಾರಿ ತಪ್ಪಿದೆ. ಇವತ್ತಿನ ಕನ್ನಡದಲ್ಲಿ ನೀರು ಹರಿಯುವುದೂ ಹರಿ, ಬಟ್ಟೆ ಹರಿಯುವುದೂ ಹರಿ. ಹಳಗನ್ನಡದಲ್ಲಿ ಇವು ಬೇರೆ ಬೇರೆ. ನೀರಿನದು ‘ಪರಿ’, ಬಟ್ಟೆಯದು ‘ಪಱಿ’. ಆ ಎರಡನೆಯ ಅಕ್ಷರವನ್ನು ಬಂಡಿ ರ, ಶಕಟ ರೇಫ ಎನ್ನುತ್ತಾರೆ. ಅದು ಬಳಕೆಯಿಂದ ಬಿದ್ದುಹೋದ ಮೇಲೆ ಎರಡು ಪದಗಳು ಒಂದೇ ಥರ ಕಾಣತೊಡಗಿದವು. ಹಸುವಿನ ಹಾಲು ಕರೆಯುವುದೂ ಹೆಸರು ಹಿಡಿದು ಕರೆಯುವುದೂ ಇವತ್ತು ಒಂದೇ ‘ಕರೆ’ ಆಗಿರುವುದು ಹೀಗೆಯೇ. ‘ಹರಿಹಾಯು’ವಿನಲ್ಲಿ ಇರುವುದು ಓಡುವ ಹರಿ ಎಂದೇ ನಾನು ತಿಳಿಯುತ್ತೇನೆ. ‘ಲಾರಿ ಹರಿದು ಒಬ್ಬರ ಸಾವು’ ಎಂಬ ಸುದ್ದಿ ಓದಿರುತ್ತೀರಿ, ಅಲ್ವಾ? ಅಲ್ಲಿ ಲಾರಿ ಯಾರನ್ನೂ ಬಟ್ಟೆಯ ಹಾಗೆ ಹರಿದಿಲ್ಲ. ವೇಗವಾಗಿ ಮೇಲೆ ಓಡಿತು ಅಷ್ಟೇ. ಆ ಹರಿ ಇದು.

ಇನ್ನು ‘ಹಾಯ್’. ನನಗೆ ತುಂಬ ಇಷ್ಟದ ಧಾತು ಇದು. ಒಂದೇ ಪದ ಎಷ್ಟು ಕಡೆ ಕೆಲಸ ಮಾಡುತ್ತದೆ ನೋಡಿ. ಹೊಳೆ ಹಾಯುತ್ತೇವೆ. ಹೊಲಕ್ಕೆ ನೀರು ಹಾಯಿಸುತ್ತೇವೆ. ಪುಟದ ಮೇಲೆ ಕಣ್ಣು ಹಾಯಿಸುತ್ತೇವೆ. ಊರಿನ ಮೂಲಕ ರಸ್ತೆ ಹಾದು ಹೋಗುತ್ತದೆ. ಇಲ್ಲೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡೆಯಿಲ್ಲದೆ ಸಾಗುವ ಅರ್ಥ ಇದೆ. ಅದೇ ಪದ ದನಕ್ಕೆ ಬಂದಾಗ ಬಿರುಸಾಗುತ್ತದೆ. ‘ಆ ಎತ್ತು ಹಾಯುತ್ತೆ, ಹತ್ತಿರ ಹೋಗ್ಬೇಡ’ ಎಂದು ಹಳ್ಳಿಯಲ್ಲಿ ಮಕ್ಕಳಿಗೆ ಹೇಳುತ್ತಾರೆ. ಕೆಲವು ಕಡೆ ಇದನ್ನೇ ಗುಮ್ಮುವುದು ಎನ್ನುತ್ತಾರೆ. ತಲೆ ತಗ್ಗಿಸಿ, ಕೊಂಬು ಮುಂದೆ ಮಾಡಿ ನುಗ್ಗುವುದು. ತಮಿಳಿನಲ್ಲಿ ಈ ಧಾತು ‘ಪಾಯ್’ ಎಂಬ ರೂಪದಲ್ಲೇ ಉಳಿದಿದೆ. ಅಲ್ಲಿ ನೀರು ಹರಿಯುವುದಕ್ಕೂ ಹುಲಿ ಎರಗುವುದಕ್ಕೂ ಅದೇ ಪದ.

ಈಗ ಎರಡನ್ನೂ ಜೋಡಿಸಿ. ಓಡಿ ಬಂದು, ತಲೆ ಮುಂದೆ ಮಾಡಿ ನುಗ್ಗುವುದು. ಅದೇ ಹರಿಹಾಯುವುದು. ಮೂಲದಲ್ಲಿ ಇದು ದೇಹದ ಚಲನೆಯ ಪದವೇ ಹೌದು. ನಿಮ್ಮ ಸಹೋದ್ಯೋಗಿಯ ವಾದಕ್ಕೆ ಇರುವ ಆಧಾರ ಇಷ್ಟೇ. ಆದರೆ ಅಲ್ಲಿಯೂ ಒಂದು ಸೂಕ್ಷ್ಮ ಇದೆ. ‘ಎತ್ತು ಅವನನ್ನು ಹಾಯಿತು’ ಎಂದರೆ ಕೊಂಬು ತಾಗಿದೆ. ‘ಎತ್ತು ಅವನ ಮೇಲೆ ಹಾಯ್ದು ಬಂತು’ ಎಂದರೆ ನುಗ್ಗಿ ಬಂದಿದೆ, ತಾಗಿದೆಯೋ ಇಲ್ಲವೋ ಹೇಳಿಲ್ಲ. ‘ಅನ್ನು’ ಬಂದಾಗ ಏಟು ಬಿದ್ದಿದೆ, ‘ಮೇಲೆ’ ಬಂದಾಗ ದಿಕ್ಕು ಮಾತ್ರ ಗೊತ್ತಾಗುತ್ತದೆ. ‘ಹರಿಹಾಯು’ ಯಾವಾಗಲೂ ‘ಮೇಲೆ’ ಅಥವಾ ‘ವಿರುದ್ಧ’ವನ್ನೇ ಕೇಳುತ್ತದೆ. ‘ಅವರು ನನ್ನನ್ನು ಹರಿಹಾಯ್ದರು’ ಎಂದು ಯಾರೂ ಹೇಳುವುದಿಲ್ಲ. ಅಂದರೆ, ನುಗ್ಗುವುದನ್ನು ಹೇಳಿ ತಾಗುವುದನ್ನು ಹೇಳದೆ ಬಿಡುವ ಪದ ಇದು. ನಿಮ್ಮ ಪ್ರಸಂಗಕ್ಕೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ.

ಹಾಗಾದರೆ ಸುದ್ದಿಯಲ್ಲಿ ದಿನಾ ಹರಿಹಾಯುವವರ ಕಥೆ ಏನು? ನಾನು ಹಲವು ವರ್ಷ ಸುದ್ದಿಮನೆಯಲ್ಲಿ ಪ್ರತಿ ತಿದ್ದುವ ಕೆಲಸ ಮಾಡಿದ್ದೇನೆ. ಈ ಪದವನ್ನು ಬಳಸಿ ಬಳಸಿ ಸವೆಸಿದ್ದರಲ್ಲಿ ನಮ್ಮ ಪಾಲೂ ಇದೆ. ತಲೆಬರಹದಲ್ಲಿ ಜಾಗ ಕಡಿಮೆ. ‘ಟೀಕಿಸಿದರು’ ಸಪ್ಪೆ ಅನ್ನಿಸುತ್ತದೆ. ಆಗ ಕಿಡಿಕಾರಿದರು, ಗುಡುಗಿದರು, ವಾಗ್ದಾಳಿ ನಡೆಸಿದರು, ಹರಿಹಾಯ್ದರು, ಯಾವುದು ಹಿಡಿಸುತ್ತದೋ ಅದು ಬರುತ್ತದೆ. ತಣ್ಣಗೆ ಕೂತು ಕೊಟ್ಟ ಲಿಖಿತ ಹೇಳಿಕೆಗೂ ‘ಹರಿಹಾಯ್ದರು’ ಎಂದು ಬರೆದದ್ದನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಹೀಗೆ ಬಳಸಿದಾಗ ಪದದೊಳಗಿನ ಓಟವೂ ಹೋಯಿತು, ಎದುರಾಬದುರು ನಿಲ್ಲುವುದೂ ಹೋಯಿತು.

ಆದರೂ ಒಂದು ವ್ಯತ್ಯಾಸ ಉಳಿದಿದೆ. ಇದನ್ನು ಗಮನಿಸಿ, ನಿಮಗೆ ಕೆಲಸಕ್ಕೆ ಬರುತ್ತದೆ. ‘ಸರ್ಕಾರದ ವಿರುದ್ಧ ಹರಿಹಾಯ್ದರು’ ಎಂದಾಗ ಎದುರಿಗೆ ಯಾರೂ ಇರಬೇಕಾಗಿಲ್ಲ. ವೇದಿಕೆ ಮೇಲೆ ನಿಂತು ಎಲ್ಲೋ ಇರುವವರನ್ನು ಬೈದರೂ ಸಾಕು. ‘ಅಧಿಕಾರಿಯ ಮೇಲೆ ಹರಿಹಾಯ್ದರು’ ಎಂದಾಗ ಓದುಗರ ಕಣ್ಣ ಮುಂದೆ ಇಬ್ಬರು ಬರುತ್ತಾರೆ. ಒಬ್ಬರು ಮುಂದೆ ಬಾಗಿದ್ದಾರೆ, ಇನ್ನೊಬ್ಬರು ಹಿಂದೆ ಸರಿದಿದ್ದಾರೆ. ನೀವು ಬರೆದದ್ದು ‘ಮೇಲೆ’. ನಡೆದದ್ದೂ ಹಾಗೇ. ಒಮ್ಮೆ ನಮ್ಮ ವರದಿಯಲ್ಲಿ ‘ಗ್ರಾಮಸ್ಥರು ಸಿಬ್ಬಂದಿ ಮೇಲೆ ಹರಿಹಾಯ್ದರು’ ಎಂದು ಬಂದಾಗ, ಆ ಸಿಬ್ಬಂದಿಯೊಬ್ಬರ ಮನೆಯವರು ಗಾಬರಿಯಿಂದ ಫೋನ್ ಮಾಡಿ, ‘ಪೆಟ್ಟು ಬಿದ್ದಿದೆಯಾ?’ ಎಂದು ಕೇಳಿದ್ದರು. ಬಿದ್ದಿರಲಿಲ್ಲ. ಆದರೆ ಅವರ ಗಾಬರಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಪದದ ಹಳೆಯ ಬಿಸಿ ಕೆಲವರ ಕಿವಿಯಲ್ಲಿ ಇನ್ನೂ ಇದೆ. ಸಂದೇಹಕ್ಕೆ ಜಾಗ ಇರಬಾರದ ಕಡೆ ಅದನ್ನು ಒಂಟಿಯಾಗಿ ಬಿಡಬಾರದು ಎಂದು ಅವತ್ತು ಕಲಿತೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬೇರೆ ಯಾವ ಪದ ಬರೆಯಬಹುದಿತ್ತು ಎನ್ನುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಿಟ್ಟಿನಿಂದ ಒಬ್ಬರ ಎದುರು ನಿಲ್ಲುವುದಕ್ಕೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ಯಾರು ಮೇಲೆ, ಯಾರು ಕೆಳಗೆ ಎಂಬುದನ್ನೂ ಜೊತೆಗೇ ಹೇಳಿಬಿಡುತ್ತವೆ. ದೂರು ಬರೆಯುವವರು ಎಡವುವುದು ಇಲ್ಲೇ.

‘ಗದರು’ ತೆಗೆದುಕೊಳ್ಳಿ. ಅಮ್ಮ ಮಗುವನ್ನು ಗದರುತ್ತಾಳೆ, ಮೇಷ್ಟ್ರು ಹುಡುಗರನ್ನು ಗದರುತ್ತಾರೆ. ಗದರುವವರಿಗೆ ಗದರುವ ಹಕ್ಕು ಇದೆ ಎಂದು ಕೇಳುವವರು ಒಪ್ಪಿಕೊಂಡಿರುತ್ತಾರೆ. ‘ಅವರು ನನ್ನನ್ನು ಗದರಿದರು’ ಎಂದು ನೀವು ಬರೆದಿದ್ದರೆ ಅವರನ್ನು ನೀವೇ ಹಿರಿಯರ ಜಾಗದಲ್ಲಿ ಕೂರಿಸಿದ ಹಾಗೆ ಆಗುತ್ತಿತ್ತು.

‘ತರಾಟೆಗೆ ತೆಗೆದುಕೊಂಡರು’ ಇನ್ನೂ ಅಪಾಯ. ಈ ಮಾತಿನಲ್ಲಿ ಎದುರಿನವರದು ಏನೋ ತಪ್ಪಿದೆ, ಅದಕ್ಕೆ ಉತ್ತರ ಕೇಳಲಾಗುತ್ತಿದೆ ಎಂಬ ಒಳ ಅರ್ಥ ಇದೆ. ಕೆಲಸ ಮಾಡದ ಅಧಿಕಾರಿಯನ್ನು ಜನ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಓದುಗರು ಜನರ ಪರ. ನಿಮ್ಮ ದೂರಿನಲ್ಲಿ ಈ ಪದ ಇದ್ದಿದ್ದರೆ, ಬಿಲ್ ತಡವಾದದ್ದು ನಿಮ್ಮಿಂದಲೇ ಎಂದು ನೀವೇ ಒಪ್ಪಿಕೊಂಡಂತೆ ಓದಬಹುದಿತ್ತು. ದೂರು ಬರೆಯುವವರು ತಮ್ಮ ಬಗ್ಗೆಯೇ ಇದನ್ನು ಬಳಸಿರುವುದನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ತಿರುಗಿಬೀಳು, ಎದುರುಬೀಳು, ಎದುರಾಡು, ಈ ಗುಂಪು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತಂಡ ನಾಯಕನಿಗೆ ತಿರುಗಿಬೀಳುತ್ತದೆ, ಮಗ ಅಪ್ಪನಿಗೆ ಎದುರಾಡುತ್ತಾನೆ. ಹಿರಿಯ ಸಹೋದ್ಯೋಗಿ ನಿಮಗೆ ಎದುರುಬಿದ್ದರು ಎಂದರೆ ಮಾತೇ ಹೊಂದುವುದಿಲ್ಲ. ಇಲ್ಲೊಂದು ಚಂದದ ಸಂಗತಿ ಇದೆ. ‘ಎದುರುಬೀಳು’ ಜಗಳದ ಪದ. ಅದರ ಪಕ್ಕದಲ್ಲೇ ಇರುವ ‘ಎದುರುಗೊಳ್ಳು’ ಪ್ರೀತಿಯ ಪದ, ಬಂದವರನ್ನು ಮುಂದೆ ಹೋಗಿ ಸ್ವಾಗತಿಸುವುದು. ಎರಡರಲ್ಲೂ ಇಬ್ಬರು ಎದುರಾಬದುರೇ ಇರುತ್ತಾರೆ.

‘ರೇಗಿದರು’ ಎನ್ನುವುದು ಮೆದು. ಬೆಳಗ್ಗೆ ಕಾಫಿ ತಣ್ಣಗಾಗಿದ್ದರೂ ಜನ ರೇಗುತ್ತಾರೆ. ದೂರು ಕೊಡುವಷ್ಟು ದೊಡ್ಡದೇನಲ್ಲ ಎಂದು ಅಧಿಕಾರಿ ಪಕ್ಕಕ್ಕೆ ಇಡಬಹುದು. ‘ಎಗರಾಡಿದರು’ ಎಂದರೆ ಅವರ ವರ್ತನೆಯ ಜೊತೆಗೆ ನಿಮ್ಮ ತಾತ್ಸಾರವೂ ಕಾಣುತ್ತದೆ. ಗೆಳತಿಗೆ ಹೇಳುವಾಗ ಸರಿ, ಕಾಗದದ ಮೇಲೆ ಬೇಡ. ‘ದಬಾಯಿಸಿದರು’ ಹಿಂದಿಯ ಒತ್ತುವ ‘ದಬಾ’ದಿಂದ ಬಂದ ಪದ. ಒತ್ತಡ ಹಾಕಿ ಬಾಯಿ ಮುಚ್ಚಿಸಿದರು ಎಂಬ ಅರ್ಥ ಬೇಕಾದಾಗ ಒಳ್ಳೆಯದು. ನೀವು ಉತ್ತರ ಕೊಡಲು ಹೋದಾಗ ಅವರು ಬಿಡಲಿಲ್ಲ ಎಂದಿದ್ದರೆ ಈ ಪದ ನಡೆಯುತ್ತದೆ.

‘ಮೈಮೇಲೆ ಬಂದರು’ ಎಂದು ಮಾತಿನಲ್ಲಿ ಹೇಳುತ್ತೇವೆ. ನಿಮ್ಮ ಪ್ರಸಂಗಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದರಲ್ಲಿ ಮೈಯೇ ಇರುವುದರಿಂದ, ಮುಟ್ಟಿದರೋ ಇಲ್ಲವೋ ಎಂಬ ಜಗಳ ‘ಹರಿಹಾಯ್ದರು’ಗಿಂತ ಜಾಸ್ತಿ ಆಗುತ್ತಿತ್ತು. ‘ಬೆದರಿಸಿದರು’ ಎಂದು ಬರೆಯಬೇಕಾದರೆ ಬೆದರಿಕೆಯ ಮಾತು ಇರಬೇಕು. ‘ನೋಡ್ಕೋತೀನಿ’ ಎಂದರೇ? ಹಾಗಾದರೆ ಆ ಮಾತನ್ನೇ ಬರೆಯಿರಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎನ್ನುವುದು ದೂರುಗಳಲ್ಲಿ ಅಚ್ಚು ಹಾಕಿದ ಹಾಗೆ ಬರುತ್ತದೆ. ಕೆಟ್ಟ ಮಾತು ಆಡಿರದಿದ್ದರೆ ಅದನ್ನು ಹಾಕಲೇಬೇಡಿ. ಒಂದು ಸುಳ್ಳು ಪದ ಉಳಿದ ಎಲ್ಲ ನಿಜಕ್ಕೂ ಮಸಿ ಬಳಿಯುತ್ತದೆ.

ಇವೆಲ್ಲದರ ನಡುವೆ ‘ಹರಿಹಾಯು’ವಿನ ಒಂದು ಗುಣ ನನಗೆ ಮುಖ್ಯ. ಅದಕ್ಕೆ ಮೇಲೆ ಕೆಳಗೆ ಇಲ್ಲ. ಅಧಿಕಾರಿ ನೌಕರನ ಮೇಲೆ ಹರಿಹಾಯಬಹುದು, ನೌಕರ ಅಧಿಕಾರಿಯ ಮೇಲೆ ಹರಿಹಾಯಬಹುದು, ಗೆಳೆಯರು ಒಬ್ಬರ ಮೇಲೊಬ್ಬರು ಹರಿಹಾಯಬಹುದು. ತಪ್ಪು ಯಾರದು ಎಂದೂ ಅದು ಹೇಳುವುದಿಲ್ಲ. ಸಿಟ್ಟು ಅಳತೆ ಮೀರಿತ್ತು ಎಂದು ಮಾತ್ರ ಹೇಳುತ್ತದೆ. ಬೇರೆ ಯಾರದೋ ಮೇಲಿನ ಸಿಟ್ಟು ನಿಮ್ಮ ಮೇಲೆ ಬಂದಿದ್ದರೂ ಅದು ಹರಿಹಾಯುವುದೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಆ ಕೊತ್ತಿಯ ಮೇಲೆ ಸೊಸೆ ಮಾಡಿದ್ದು ಇದನ್ನೇ.

ಇನ್ನೊಂದು ಪದದ ಬಗ್ಗೆ ಎಚ್ಚರಿಕೆ ಹೇಳಲೇಬೇಕು: ‘ಹಲ್ಲೆ’. ಮಾತಿನಲ್ಲಿ ಹಲ್ಲೆ ಎಂದರೆ ಹೊಡೆತವೇ. ಕಾನೂನಿನಲ್ಲಿ ಹಾಗಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 130ನೇ ಸೆಕ್ಷನ್ ಹಲ್ಲೆ ಎಂದರೇನು ಎಂದು ಹೇಳುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇದು 351ನೇ ಸೆಕ್ಷನ್ ಆಗಿತ್ತು. ಅದರ ಪ್ರಕಾರ ಮುಟ್ಟಬೇಕು ಎಂದೇನಿಲ್ಲ. ಈಗಲೇ ಬಲ ಪ್ರಯೋಗ ಮಾಡುತ್ತಾರೆ ಎಂದು ಎದುರಿನವರಿಗೆ ಭಯ ಹುಟ್ಟುವಂಥ ಸನ್ನೆ ಅಥವಾ ಸಿದ್ಧತೆ, ಅಂಥ ಭಯ ಹುಟ್ಟಲಿ ಎಂದೋ ಹುಟ್ಟಬಹುದೆಂದು ಗೊತ್ತಿದ್ದೋ ಮಾಡಿದ್ದು, ಅದಾದರೆ ಸಾಕು. ಬರೀ ಮಾತು ಮಾತ್ರ ಹಲ್ಲೆ ಆಗುವುದಿಲ್ಲ. ಆದರೆ ಆಡಿದ ಮಾತಿನಿಂದ ಸನ್ನೆಗೆ ಅಂಥ ಅರ್ಥ ಬರಬಹುದು ಎಂದೂ ಅಲ್ಲೇ ವಿವರಣೆ ಇದೆ. ಅಂದರೆ ‘ಮುಟ್ಟೇ ಇಲ್ಲ’ ಎಂಬ ಒಂದೇ ಮಾತಿನಿಂದ ಎಲ್ಲ ಮುಗಿಯುವುದಿಲ್ಲ. ಹಾಗೆಂದು ನೀವು ದೂರಿಗೆ ‘ಹಲ್ಲೆ’ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಮೇಜಿನ ಹತ್ತಿರ ಬಂದು ಬೆರಳು ತೋರಿಸಿದ್ದು ಅದಕ್ಕೆ ಸಾಕೋ ಇಲ್ಲವೋ ಎಂದು ತೂಗುವುದು ವಕೀಲರ ಕೆಲಸ, ನನ್ನದಲ್ಲ. ಓದುವವರು ಆ ಪದವನ್ನು ಮಾತಿನ ಅರ್ಥದಲ್ಲೇ ತೆಗೆದುಕೊಂಡು, ಗಾಯ ಎಲ್ಲಿ ಎಂದು ಕೇಳುತ್ತಾರೆ. ಆಗ ನೀವು ನಿಜ ಹೇಳಿಯೂ ಸುಳ್ಳುಗಾರರಂತೆ ಕಾಣುತ್ತೀರಿ.

ನಿಮ್ಮ ಮುಂದೆ ಈಗ ಮೂರು ದಾರಿ ಕಾಣುತ್ತವೆ. ದೂರನ್ನು ಇದ್ದ ಹಾಗೇ ಬಿಡಬಹುದು. ಪದ ಸರಿ ಇದೆ, ಆದರೆ ಮಾತು ನಡೆದ ಘಟನೆಯನ್ನು ಬಿಟ್ಟು ಪದದ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವರಿಗೆ ಬೇಕಾದದ್ದೂ ಅದೇ ಇರಬಹುದು. ‘ಹರಿಹಾಯ್ದರು’ ತೆಗೆದು ‘ಸಿಟ್ಟಾದರು’ ಎಂದು ಬದಲಿಸಬಹುದು. ಜಗಳ ತಣ್ಣಗಾಗುತ್ತದೆ, ಆದರೆ ಮೊದಲು ಬರೆದದ್ದು ಸುಳ್ಳು ಎಂದು ಒಪ್ಪಿಕೊಂಡಂತೆ ತೋರುತ್ತದೆ. ಇದನ್ನು ಮಾತ್ರ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೂರನೆಯದು, ಪದವನ್ನು ಉಳಿಸಿಕೊಂಡು, ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಕೇಳಿದ್ದನ್ನೂ ಅದರ ಪಕ್ಕದಲ್ಲಿ ಬರೆದು ಒಂದು ಸ್ಪಷ್ಟೀಕರಣ ಕೊಡುವುದು. ಹೀಗೆ ಬರೆಯಬಹುದು:

‘ನನ್ನ ದೂರಿನಲ್ಲಿ ಹರಿಹಾಯ್ದರು ಎಂಬ ಪದವನ್ನು ಸಿಟ್ಟಿನಿಂದ ಎದುರಿಗೆ ಬಂದು ಕೂಗಾಡಿದರು ಎಂಬ ಅರ್ಥದಲ್ಲಿ ಬಳಸಿದ್ದೇನೆ. ಅವರು ನನ್ನನ್ನು ಮುಟ್ಟಿಲ್ಲ, ಮುಟ್ಟಿದರು ಎಂದು ನಾನು ಹೇಳಿಯೂ ಇಲ್ಲ. ಅವರು ನನ್ನ ಮೇಜಿನ ಪಕ್ಕಕ್ಕೆ ಬಂದು, ಮುಂದಕ್ಕೆ ಬಾಗಿ, ನನ್ನ ಮುಖದ ಕಡೆ ಬೆರಳು ತೋರಿಸಿ ಜೋರಾಗಿ ಮಾತಾಡಿದರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಬೇಕಾಯಿತು.’

ಬಾಗಿದ್ದು ನಿಜವಾಗಿದ್ದರೆ ಮಾತ್ರ ಬಾಗಿದ್ದನ್ನು ಬರೆಯಿರಿ. ಅವರು ಆಡಿದ ಒಂದೆರಡು ಮಾತು ನೆನಪಿದ್ದರೆ ಅವರದೇ ಮಾತಿನಲ್ಲಿ ಸೇರಿಸಿ, ತಿದ್ದಿ ಗ್ರಾಂಥಿಕ ಮಾಡಬೇಡಿ. ದಿನ, ಹೊತ್ತು, ಅಲ್ಲಿದ್ದವರ ಹೆಸರು ಇರಲಿ. ‘ಮುಟ್ಟಿಲ್ಲ’ ಎಂಬುದನ್ನು ನೀವೇ ಮೊದಲು ಹೇಳಿಬಿಟ್ಟರೆ ಅವರ ವಾದಕ್ಕೆ ನಿಲ್ಲಲು ಜಾಗ ಇರುವುದಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಆ ಒಂದು ವಾಕ್ಯ, ಯಾವ ಬಿರುಸಾದ ಕ್ರಿಯಾಪದಕ್ಕಿಂತಲೂ ಹೆಚ್ಚು ಹೇಳುತ್ತದೆ.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ನೀವು ಜೊತೆಗೆ ಕಳಿಸಿದ ಪ್ರತಿಯಲ್ಲಿ ಒಂದು ಕಡೆ ‘ಹರಿಹಾಯಿದರು’, ಇನ್ನೊಂದು ಕಡೆ ‘ಹರಿಹಾಯಿಸಿದರು’ ಎಂದಿದೆ. ಕೊಯ್ದರು, ನೇಯ್ದರು, ಒಯ್ದರು ಎನ್ನುವ ಹಾಗೆ ಇದೂ ಹರಿಹಾಯ್ದರು. ‘ಹಾಯಿಸು’ ಬೇರೆಯವರಿಂದ ಮಾಡಿಸುವ ಅರ್ಥದ್ದು, ಅದು ಹೊಲದ ನೀರಿಗೂ ಪುಟದ ಮೇಲಿನ ಕಣ್ಣಿಗೂ ಇರಲಿ. ಸ್ಪಷ್ಟೀಕರಣ ಕೊಡುವಾಗ ಈ ಎರಡನ್ನೂ ಸರಿ ಮಾಡಿಕೊಳ್ಳಿ.